ಕೆಚ್ಚಲಿನ ಆರೋಗ್ಯ ಮತ್ತು ಹಾಲಿನ ವ್ಯಾಪಾರ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಅವಲೋಕನ

ಬೆಳಗಾವಿಯ ಕುಂದಾ ಹಾಗೂ ಧಾರವಾಡದ ಪೇಡೆ ತಯಾರಿಸುವ ನಮ್ಮ ಭಾಗದ ಉದ್ದಿಮೆದಾರರಿಗೆ ಹಾಲು ಕಚ್ಚಾ ಮಾಲು. ಆದರೆ ಹತ್ತಿ ಕೊಳ್ಳುವಾಗ ಎಳೆಯನ್ನು ನೋಡುವ ವ್ಯಾಪಾರಿಯು ಹಾಲು ಕೊಳ್ಳುವಾಗ ಕೊಬ್ಬಿನಂಶಕ್ಕೆ ತೃಪ್ತನಾಗುತ್ತಾನೆ. ಆ ಹಾಲು ಎಂಥ ಕೆಚ್ಚಲಿನಿಂದ ಬಂದಿತೆಂಬುದು ಬಿಲ್ಲಿನಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ. ಈ ಅಂಶವು ಉತ್ಪಾದಕನಿಗೆ ಎಷ್ಟು ಮುಖ್ಯವೋ ಖರೀದಿದಾರನಿಗೂ ಅಷ್ಟೇ ಮುಖ್ಯವಾದುದೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕೆಚ್ಚಲು ಬಾವು ಬಹುತೇಕ ಮೊಲೆತೊಟ್ಟಿನ ರಂಧ್ರದ ಮೂಲಕ ಒಳಸೇರುವ ಬ್ಯಾಕ್ಟೀರಿಯಾಗಳಿಂದ ಉಂಟಾಗುವ ರೋಗ. ಇದಕ್ಕೆ ಎರಡು ರೂಪಗಳಿವೆ. ಒಂದರಲ್ಲಿ ಕೆಚ್ಚಲು ಬಾತು ಬಿಸಿಯಾಗಿ, ಹಾಲಿನಲ್ಲಿ ಗರಣೆ ಅಥವಾ ರಕ್ತ ಕಾಣುತ್ತದೆ. ಇನ್ನೊಂದರಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಹಾಲು ನೋಡಲು ಶುಭ್ರವಾಗಿಯೇ ಇರುತ್ತದೆ, ಇಳುವರಿ ಮಾತ್ರ ಮೆಲ್ಲಗೆ ಕುಗ್ಗುತ್ತದೆ. ಆಕಳ ಹಾಲಿನ ಪ್ರತಿ ಮಿಲಿಲೀಟರಿನಲ್ಲಿ ದೇಹಕೋಶಗಳ ಸಂಖ್ಯೆ 2 ಲಕ್ಷವನ್ನು ಮೀರಿದರೆ ಸೋಂಕು ಇದೆಯೆಂದು ತಜ್ಞರು ಭಾವಿಸುತ್ತಾರೆ. ಯುರೋಪಿನಲ್ಲಿ ಕಚ್ಚಾ ಹಾಲಿಗೆ 4 ಲಕ್ಷದ ಮಿತಿಯನ್ನೇ ವಿಧಿಸಲಾಗಿದೆ. ನಮ್ಮ ಗ್ರಾಮ ಸಂಘಗಳಲ್ಲಿ ದರ ನಿಗದಿಯಾಗುವುದು ಕೊಬ್ಬು ಮತ್ತು ಇತರ ಘನಾಂಶಗಳ ಮೇಲೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಮುಂದೆ 5 ರೂಪಾಯಿಗೆ ಏರಿದ ರಾಜ್ಯ ಸರ್ಕಾರದ ಪ್ರೋತ್ಸಾಹಧನವೂ ಲೀಟರಿನ ಲೆಕ್ಕದ್ದೇ. ಹೀಗಿರಲು ಕಾಣದ ಬೇನೆಗೆ ಹಣ ಖರ್ಚು ಮಾಡಬೇಕೆಂದು ರೈತನಿಗೆ ಯಾರೂ ಹೇಳಿದಂತಾಗುವುದಿಲ್ಲ.

ಆದ್ದರಿಂದ ರೈತನ ಧೋರಣೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅದು ಅವನ ಲೆಕ್ಕಾಚಾರಕ್ಕೆ ತಕ್ಕುದೇ ಆಗಿದೆ. ಕೆಚ್ಚಲು ಬಾತಾಗ ಆತ ಪಶುವೈದ್ಯರ ಬಳಿಗೆ ಓಡುತ್ತಾನೆ. ಕೆಲವು ಮನೆಗಳಲ್ಲಿ ಅದಕ್ಕೂ ಮೊದಲು ದೃಷ್ಟಿ ತೆಗೆಯುವುದುಂಟು. ಹಾಲು ಬತ್ತಿದ ಎಮ್ಮೆಯ ವಿಷಯದಲ್ಲಿ ಮಾತ್ರ ಉದಾಸೀನ ಹೆಚ್ಚು. ಹಾಲು ಕೊಡದ ಜಾನುವಾರಿಗೆ ಹಿಂಡಿಯೇ ಭಾರವೆನಿಸುವಾಗ ಔಷಧ ಯಾರಿಗೆ ನೆನಪಾದೀತು? ವಾಸ್ತವದಲ್ಲಿ ಈಯುವುದಕ್ಕೆ ಮುಂಚಿನ ಸುಮಾರು 60 ದಿನಗಳ ಈ ವಿರಾಮವೇ ಹಳೆಯ ಸೋಂಕನ್ನು ತೊಲಗಿಸಲು ಅತ್ಯುತ್ತಮ ಕಾಲ. ಇನ್ನೊಂದು ತೊಡಕು: ತರಬೇತಿ ಶಿಬಿರಗಳಲ್ಲಿ ಕುಳಿತುಕೊಳ್ಳುವವರು ಹೆಚ್ಚಾಗಿ ಗಂಡಸರು, ಹಾಲು ಕರೆಯುವವರು ಬಹಳಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳು. ಹೆಬ್ಬೆರಳು ಮಡಚಿ ಹಿಂಡುವುದರಿಂದ ತೊಟ್ಟಿಗೆ ಗಾಯವಾಗುತ್ತದೆಂಬ ಮಾತು ಶಿಬಿರದಿಂದ ಕೊಟ್ಟಿಗೆಗೆ ತಲುಪುವುದೇ ಇಲ್ಲ.

ನೆಲವೂ ಇದರಲ್ಲಿ ಪಾಲುದಾರ. ಮಲೆನಾಡಿನ ಸೆರಗಿಗೆ ಸಮೀಪವಿರುವ ಕಿತ್ತೂರಿನಲ್ಲಿ ಮಳೆ ಹೆಚ್ಚು; ಬೈಲಹೊಂಗಲದ ಎರೆಮಣ್ಣು ಒಮ್ಮೆ ತೊಯ್ದರೆ ಬೇಗ ಆರದು. ಸವದತ್ತಿ, ರಾಮದುರ್ಗಗಳು ಒಣಪ್ರದೇಶವಾದರೂ ಮಲಪ್ರಭೆಯ ದಂಡೆಯ ಊರುಗಳು 2019ರ ಆಗಸ್ಟ್ ಪ್ರವಾಹದಲ್ಲಿ ಜಾನುವಾರುಗಳೊಂದಿಗೆ ಕೆಸರಿನಲ್ಲಿ ದಿನಗಳೆದವು. ಹಾಲು ಕರೆದ ನಂತರ ಸುಮಾರು ಅರ್ಧ ಗಂಟೆಯವರೆಗೆ ತೊಟ್ಟಿನ ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಆ ಹೊತ್ತಿಗೆ ಮೇವು ಹಾಕಿ ಎಮ್ಮೆಯನ್ನು ನಿಲ್ಲಿಸಿಟ್ಟರೆ ಸಾಕು, ಒಂದು ಕಾಸಿನ ಖರ್ಚಿಲ್ಲದ ರಕ್ಷಣೆ ದೊರೆಯುತ್ತದೆ.

ಈಗ ಖೋವಾ ತಯಾರಕರ ವಿಷಯ. ರೋಗಪೀಡಿತ ಕೆಚ್ಚಲಿನ ಹಾಲಿನಲ್ಲಿ ಕೇಸೀನ್ ಮತ್ತು ಲ್ಯಾಕ್ಟೋಸ್ ಕಡಿಮೆಯಾಗಿ, ಸೋಡಿಯಂ ಮತ್ತು ಕ್ಲೋರೈಡ್ ಲವಣಗಳು ಏರುತ್ತವೆ. ಲೋಟದಲ್ಲಿ ಕುಡಿದಾಗ ಗೊತ್ತಾಗದ ಈ ಉಪ್ಪು ಕಡಾಯಿಯಲ್ಲಿ ಬಯಲಾಗುತ್ತದೆ. ಎಮ್ಮೆಯ ಹಾಲು ಸುಮಾರು 5 ಕಿಲೋ ಸುಟ್ಟರೆ 1 ಕಿಲೋ ಖೋವಾ. ನೀರು ಆರಿದಂತೆ ಲವಣ ಐದು ಪಟ್ಟು ಸಾಂದ್ರವಾಗುತ್ತದೆ. ಸಕ್ಕರೆ ಹೆಚ್ಚಿಸಿ ಇದನ್ನು ಮುಚ್ಚುವವರಿದ್ದಾರೆ, ಆದರೆ ಹಳೆಯ ಗಿರಾಕಿಯ ನಾಲಿಗೆ ಮೋಸಹೋಗುವುದು ಕಷ್ಟ. ಕೇಸೀನ್ ಕಡಿಮೆಯಾದ ಹಾಲಿನಿಂದ ಪನೀರ್ ಇಳುವರಿಯೂ ತಗ್ಗುತ್ತದೆ. ಮೊಸರು ತಯಾರಕರ ತಾಪತ್ರಯ ಬೇರೆಯದು: ಚಿಕಿತ್ಸೆಗೆ ಬಳಸಿದ ಆ್ಯಂಟಿಬಯೋಟಿಕ್ ಹಾಲಿನಲ್ಲಿ ಉಳಿದರೆ ಹೆಪ್ಪು ಕೂಡುವುದಿಲ್ಲ, ಮತ್ತು ಪೆನ್ಸಿಲಿನ್ ಅಂಶವು ಕುದಿಸಿದ ಮಾತ್ರಕ್ಕೆ ಪೂರ್ತಿ ನಾಶವಾಗುವುದಿಲ್ಲ. ಔಷಧದ ಚೀಟಿಯ ಮೇಲೆ ಬರೆದಿರುವ ಅವಧಿ ಮುಗಿಯುವವರೆಗೆ ಆ ಹಾಲು ಮಾರಾಟಕ್ಕೆ ಬರಬಾರದು. ಅಷ್ಟು ದಿನ ಹಾಲು ಚೆಲ್ಲುವ ನಷ್ಟವನ್ನು ರೈತನೊಬ್ಬನೇ ಹೊರಬೇಕಾಗಿರುವುದರಿಂದಲೇ ಅದು ಸದ್ದಿಲ್ಲದೆ ಕ್ಯಾನಿಗೆ ಸೇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 8 ಲೀಟರ್ ಕೊಡುವ ಎಮ್ಮೆ ಗುಪ್ತ ಬಾವಿನಿಂದ 1 ಲೀಟರ್ ಕಡಿಮೆ ಕೊಟ್ಟಿತೆಂದೂ, ದರ 45 ರೂಪಾಯಿಯೆಂದೂ ಇಟ್ಟುಕೊಂಡರೆ 200 ದಿನಗಳಲ್ಲಿ 9,000 ರೂಪಾಯಿ ಹೋಯಿತು. ಇದನ್ನು ರೈತರ ಮುಂದೆ ರೂಪಾಯಿಯಲ್ಲಿ ಇಟ್ಟರೆ ಕೇಳುತ್ತಾರೆ, ಕೋಶಗಳ ಸಂಖ್ಯೆಯಲ್ಲಿ ಇಟ್ಟರೆ ಕೇಳುವುದಿಲ್ಲ. 1957ರಿಂದ ಬಳಕೆಯಲ್ಲಿರುವ ಕ್ಯಾಲಿಫೋರ್ನಿಯಾ ಪರೀಕ್ಷೆಯು ಈ ಕೆಲಸಕ್ಕೆ ತಕ್ಕ ಸಾಧನ. ನಾಲ್ಕು ಬಟ್ಟಲುಗಳ ತಟ್ಟೆಯಲ್ಲಿ ಒಂದೊಂದು ತೊಟ್ಟಿನ ಹಾಲನ್ನು ಬೇರೆಬೇರೆ ಹಿಂಡಿ, ಮಾರ್ಜಕ ದ್ರಾವಣ ಬೆರೆಸಿ ತಿರುಗಿಸಿದಾಗ ರೋಗವಿದ್ದ ಹಾಲು ಲೋಳೆಯಾಗುತ್ತದೆ. ಕಾಣದ ಬೇನೆ ಮನೆಯವರ ಕಣ್ಣೆದುರೇ ಕಾಣಿಸಿಕೊಳ್ಳುತ್ತದೆ. ಈ ತಟ್ಟೆ ಹಾಗೂ ಅಯೋಡಿನ್ ದ್ರಾವಣದಲ್ಲಿ ತೊಟ್ಟು ಅದ್ದುವ ಬಟ್ಟಲುಗಳು ನಮ್ಮ ಪ್ಲಾಸ್ಟಿಕ್ ಘಟಕಗಳು ಸುಲಭವಾಗಿ ಅಚ್ಚು ಹಾಕಬಹುದಾದ ವಸ್ತುಗಳೆಂಬುದನ್ನು ಸದಸ್ಯರು ಗಮನಿಸಬೇಕು.

ಪರೀಕ್ಷೆಯನ್ನು ದಂಡದ ಅಸ್ತ್ರವಾಗಿ ಬಳಸುವುದು ಮಾತ್ರ ಅಪಾಯಕರ. ಹಾಲು ತಿರಸ್ಕೃತನಾದ ರೈತ ಅದೇ ಸಂಜೆ ಇನ್ನೊಬ್ಬ ಖರೀದಿದಾರನ ಕ್ಯಾನಿಗೆ ಸುರಿಯುತ್ತಾನೆ. ಫಲಿತಾಂಶ ತಿಳಿಸಿ, ಪಶುವೈದ್ಯರಿಗೆ ತೋರಿಸಲು ಸಮಯ ಕೊಟ್ಟು, ಶುದ್ಧ ಹಾಲಿಗೆ ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚು ಕೊಡುವ ಖರೀದಿದಾರನೇ ಒಳ್ಳೆಯ ಮಾಲು ಪಡೆಯುತ್ತಾನೆ. ಆರಂಭದ ಹಂತದಲ್ಲಿ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ಹಚ್ಚುವ ಕ್ರಮವನ್ನು ರಾಷ್ಟ್ರೀಯ ಹೈನುಗಾರಿಕಾ ಅಭಿವೃದ್ಧಿ ಮಂಡಳಿಯೂ ಪ್ರಚಾರಪಡಿಸಿದೆ. ಮನೆಯ ಹಿತ್ತಿಲಲ್ಲೇ ಸಿಗುವ ವಸ್ತುಗಳಾದುದರಿಂದ ಹೆಣ್ಣುಮಕ್ಕಳು ಇದನ್ನು ಬೇಗ ಒಪ್ಪುತ್ತಾರೆ. ಜ್ವರ ಬಂದು ಮೇವು ಬಿಟ್ಟ ಜಾನುವಾರಿಗೆ ಇದನ್ನೇ ನಂಬಿ ಕೂರುವಂತಿಲ್ಲ.

ಎಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳ ಜಾತ್ರೆಗೆ ಖೋವಾ ಒಪ್ಪಂದ ಮಾಡಿಕೊಳ್ಳುವವರು ಮಳೆಗಾಲ ಮುಗಿಯುತ್ತಿದ್ದಂತೆಯೇ ತಮಗೆ ಹಾಲು ಹಾಕುವ ಮನೆಗಳಲ್ಲಿ ಪರೀಕ್ಷೆ ಆರಂಭಿಸುವುದು ಒಳಿತು. ಆಗ ಅನೇಕ ಎಮ್ಮೆಗಳು ಹೊಸದಾಗಿ ಈದಿರುತ್ತವೆ. ಗಿಣ್ಣುಹಾಲಿನ ದಿನಗಳಲ್ಲಿ ಈ ಪರೀಕ್ಷೆ ನಂಬಲರ್ಹವಲ್ಲವಾದ್ದರಿಂದ, ಈದ ಮೇಲೆ ಒಂದು ವಾರ ಬಿಟ್ಟು ತಟ್ಟೆ ಹಿಡಿಯಬೇಕು.