ಮೊರೆಯೂ ಮೌನವೂ

ಹಾಸಿಗೆ ಹಿಡಿದ ಮಗುವಿಗಾಗಿ ಕರಸ್ಥಲದ ಇಷ್ಟಲಿಂಗಕ್ಕೆ ಮೊರೆಯಿಡುವ ಗೃಹಸ್ಥನಲ್ಲಿ, ‘ಶಿವನು ಇದನ್ನು ಕೇಳುವನೇ?’ ಎಂಬ ಶಂಕೆಯು ಮೂಡುವುದು ಸಹಜವೇ. ಶಂಕೆ ಬಂದ ಮಾತ್ರಕ್ಕೆ ಭಕ್ತಿಯು ಕೆಟ್ಟಿತೆಂದು ತಿಳಿಯಲಾಗದು. 12ನೆಯ ಶತಮಾನದಲ್ಲಿ ಬಸವಣ್ಣನವರೂ, ಎಷ್ಟು ಕರೆದರೂ ದೇವನು ಓಗೊಡದೆ ಮೌನದಿಂದಿರುವನೆಂದು ವಚನದಲ್ಲಿ ಹಲುಬಿರುವರು. ಆದರೆ ಆ ವಚನದ ಕೊನೆಯನ್ನು ಗಮನಿಸಬೇಕು. ದೂರು ಮುಗಿಯುವುದು ಕೂಡಲಸಂಗಮದೇವನೆಂಬ ಅಂಕಿತದಲ್ಲಿಯೇ. ಯಾರ ಮೇಲೆ ದೂರೋ ಅವನನ್ನೇ ಮತ್ತೆ ಕರೆದಿರುವರು. ಕೇಳುವವನೇ ಇಲ್ಲವೆಂದು ನಿಶ್ಚಯಿಸಿದವನು ಹೆಸರು ಹಿಡಿದು ಕೂಗಲಾರನು.

ಬೇಡಿದ್ದು ಕೈಗೂಡಿದರೆ ಮಾತ್ರ ಶಿವನು ಕೇಳಿದನೆಂದು ಎಣಿಸುವುದು ಭಕ್ತಿಯಲ್ಲ, ವ್ಯಾಪಾರವು. ಗೃಹಸ್ಥನು ಮಗುವಿಗೆ ತಕ್ಕ ಚಿಕಿತ್ಸೆಯನ್ನು ಮಾಡಿಸಲಿ. ತನ್ನ ಶಂಕೆಯನ್ನೂ ಮುಚ್ಚಿಡದೆ ಲಿಂಗದ ಮುಂದೆಯೇ ಬಿನ್ನವಿಸಲಿ. ಕರೆಯುವುದನ್ನು ಮಾತ್ರ ಬಿಡದಿರಲಿ.