ಮನೆಯೊಳಗೆ ಹೊಸ ವಾಸನೆ: ಯಾವುದಕ್ಕೆ ಹೊರಗೆ ಹೋಗ್ಬೇಕು, ಯಾವುದನ್ನು ಹುಡುಕ್ಬೇಕು?

ಮಳೆ ಹಿಡಿದರೆ ಮಗ್ಗೆ, ಆಲೂರು, ಸಕಲೇಶಪುರ ಕಡೆ ಮನೆಗಳ ಕಿಟಕಿ ಬಾಗಿಲು ದಿನಗಟ್ಟಲೆ ಮುಚ್ಚೇ ಇರುತ್ತವೆ. ನಮ್ಮಲ್ಲಿ ಮನೆ ಅಂದ್ರೆ ಗೋಡೌನೂ ಹೌದು. ಅಡುಗೆಮನೆಯಲ್ಲಿ ಸಿಲಿಂಡರ್, ಪಕ್ಕದ ಕೋಣೆಯಲ್ಲಿ ಕಾಫಿ, ಮೆಣಸಿನ ಚೀಲ, ಅಟ್ಟದ ಮೇಲೆ ಶುಂಠಿಗೆ ತಂದು ಉಳಿದ ಔಷಧಿ, ಹಿತ್ತಿಲಲ್ಲಿ ಗೋಬರ್ ಗ್ಯಾಸ್ ಗುಂಡಿ. ಹಾಗಾಗಿ ಏನೋ ಹೊಸ ವಾಸನೆ ಬಂದರೆ "ಇಲಿ ಸತ್ತಿರ್ಬೇಕು ಬಿಡು" ಅಂತ ಊದುಬತ್ತಿ ಹಚ್ಚಿ ಸುಮ್ಮನಾಗಬೇಡಿ. ಅದು ಗ್ಯಾಸ್ ಆಗಿದ್ದರೆ ಊದುಬತ್ತಿಗೆ ಗೀರಿದ ಕಡ್ಡಿಯೇ ಮನೆ ಸುಡಬಹುದು.

ವಾಸನೆ ಬಂದ ತಕ್ಷಣ ಒಂದೇ ತೀರ್ಮಾನ ಮಾಡಿ: ಇದು ಹೊರಗೆ ಹೋಗಬೇಕಾದ ವಾಸನೆಯೋ, ನಿಧಾನವಾಗಿ ಹುಡುಕಬಹುದಾದ ವಾಸನೆಯೋ?

ತಕ್ಷಣ ಕ್ರಮ ಬೇಕಾದ ವಾಸನೆಗಳು

1. ಅಡುಗೆ ಗ್ಯಾಸ್: ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ವಸ್ತು ಬೆರೆಸುತ್ತಾರೆ. ಈ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಬೆಂಕಿ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಲೈಟ್, ಫ್ಯಾನ್ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಒಂದು ಕಿಡಿ ಸಾಕು. ಫೋನ್ ಕೂಡ ಅಂಗಳಕ್ಕೆ ಬಂದ ಮೇಲೇ ಮಾಡಿ. ಗ್ಯಾಸ್ ಸೋರಿಕೆಗೆ ಸಹಾಯವಾಣಿ 1906.

2. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ: ಭತ್ತ, ಜೋಳದ ಹುಳಕ್ಕೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ತೇವ ತಗುಲಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಇದಕ್ಕೆ ಪ್ರತಿವಿಷವಿಲ್ಲ, ಪಕ್ಕದ ಕೋಣೆಗೂ ನುಸುಳುತ್ತದೆ. ಎಲ್ಲರೂ ಹೊರಗೆ ಬನ್ನಿ. ಮಾತ್ರೆಗೆ ನೀರು ಹಾಕಲೇಬೇಡಿ. ಯಾರಿಗಾದರೂ ವಾಂತಿ, ಎದೆ ಬಿಗಿತ ಕಂಡರೆ 108ಕ್ಕೆ ಕರೆ ಮಾಡಿ, ಯಾವ ಮಾತ್ರೆ ಅಂತ ವೈದ್ಯರಿಗೆ ತಪ್ಪದೆ ಹೇಳಿ. ಜನ ಮಲಗುವ ಮನೆಯಲ್ಲಿ ಈ ಮಾತ್ರೆ ಬಳಸೋದೇ ತಪ್ಪು.

3. ಕೊಳೆತ ಮೊಟ್ಟೆ ವಾಸನೆ: ಗೋಬರ್ ಗ್ಯಾಸ್ ಪೈಪ್ ಅಥವಾ ವಾಲ್ವ್ ಸೋರುತ್ತಿರಬಹುದು. ಇದೂ ಹೊತ್ತಿಕೊಳ್ಳುವ ಅನಿಲ, ಅಡುಗೆ ಗ್ಯಾಸಿನಷ್ಟೇ ಎಚ್ಚರ ಬೇಕು. ಇದರಲ್ಲಿರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿನ ಶಕ್ತಿಯೇ ಮಂಕಾಗುತ್ತದೆ. "ವಾಸನೆ ಹೋಯ್ತು" ಅಂದ್ರೆ ಅಪಾಯ ಹೋಯ್ತು ಅಂತ ಅಲ್ಲ. ಸ್ಲರಿ ಗುಂಡಿಗೆ ಯಾವತ್ತೂ ಇಳಿಯಬೇಡಿ. ಒಬ್ಬರು ಬಿದ್ದರೂ ಹಿಂದೆಯೇ ಇನ್ನೊಬ್ಬರು ಇಳಿಯಬಾರದು. 112ಕ್ಕೆ ಕರೆ ಮಾಡಿ.

4. ಸುಟ್ಟ ಪ್ಲಾಸ್ಟಿಕ್ ವಾಸನೆ: ಸ್ವಿಚ್ ಬೋರ್ಡ್ ಅಥವಾ ವೈರಿಂಗ್ ಬಿಸಿಯಾಗಿದೆ. ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿಯಿದ್ದರೆ, ಒಣಗಿದ ಕೈಯಲ್ಲಿ ಮೈನ್ ಸ್ವಿಚ್ ಆಫ್ ಮಾಡಿ. ಹೊಗೆ, ಕಿಡಿ ಕಂಡರೆ ಬೋರ್ಡ್ ಹತ್ತಿರ ಹೋಗದೆ ಹೊರಗೆ ಬನ್ನಿ. ಎಲೆಕ್ಟ್ರಿಷಿಯನ್ ನೋಡುವ ತನಕ ಮತ್ತೆ ಆನ್ ಮಾಡ್ಬೇಡಿ. ನೀರು ಎರಚಬೇಡಿ.

ವಾಸನೆಯೇ ಇಲ್ಲದ ಅಪಾಯ

ಆಷಾಢದ ಚಳಿಗೆ ಬಾಣಲೆಯಲ್ಲಿ ಕೆಂಡ ಹಾಕಿ, ಬಾಗಿಲು ಮುಚ್ಚಿ ಮಲಗುವವರಿದ್ದಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹೊಗೆ ಇಲ್ಲದ ಕೆಂಡವೂ ಇದನ್ನು ಬಿಡುತ್ತದೆ. ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್, ಮುಚ್ಚಿದ ಶೆಡ್ಡಿನಲ್ಲಿ ಓಡುವ ಜನರೇಟರ್ ಕೂಡ ಅಷ್ಟೇ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಇದೇ ಅಂತ ಅನುಮಾನಿಸಿ, ಆಸ್ಪತ್ರೆಗೆ ಹೋಗಿ. ಮಲಗುವ ಕೋಣೆಗೆ ಕೆಂಡ ಬೇಡ. ತೋಟದ ಲೈನ್ ಮನೆಗಳಲ್ಲಿ ಇರೋರಿಗೂ ಈ ಮಾತು ಹೇಳಿ.

ಹುಡುಕಬಹುದಾದ ವಾಸನೆಗಳು

ಮೇಲಿನ ಯಾವುದೂ ಅಲ್ಲ ಅಂತಾದ್ರೆ ನಿಧಾನವಾಗಿ ಹುಡುಕಿ. ಒಳಗೇ ಇದ್ದರೆ ಮೂಗು ಒಗ್ಗಿಹೋಗುತ್ತದೆ. ಹತ್ತು ನಿಮಿಷ ಹೊರಗಿದ್ದು ಮತ್ತೆ ಒಳಗೆ ಬನ್ನಿ, ಅಥವಾ ಹೊರಗಿನಿಂದ ಬಂದವರನ್ನು ಕೇಳಿ. ಯಾವ ಕೋಣೆ, ಯಾವ ಹೊತ್ತು, ಮಳೆ ಬಂದ ಮೇಲೆ ಜಾಸ್ತಿಯಾ, ನೋಡಿಕೊಳ್ಳಿ.

ಮುಗ್ಗಲು ವಾಸನೆ: ಮೊದಲು ಕಾಫಿ ಚೀಲ ನೋಡಿ. ತೇವ ಎಳೆದುಕೊಂಡ ಕಾಫಿಗೆ ಬೂಷ್ಟು ಹಿಡಿದರೆ, ಹುರಿದು ಪುಡಿ ಮಾಡಿದರೂ ಆ ವಾಸನೆ ಲೋಟದ ತನಕ ಬರುತ್ತದೆ, ಬೆಲೆ ಬೀಳುತ್ತದೆ. ತೇವಾಂಶ ಶೇ 10-11ಕ್ಕೆ ಇಳಿದ ಮೇಲೇ ಚೀಲ ತುಂಬಿ. ಚೀಲಗಳನ್ನು ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ.

ಔಷಧಿ ವಾಸನೆ: ಹಳೆ ಡಬ್ಬ ಸೋರಿರಬಹುದು, ಪೊಟ್ಟಣ ಒಡೆದಿರಬಹುದು. ಅಟ್ಟದಲ್ಲಿ ಹಳೆ ಫೋರೇಟ್ ಇದ್ದರೆ ನೆನಪಿಡಿ, 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದರ ಮಾರಾಟ, ಬಳಕೆ ನಿಷೇಧ. ಬರಿಗೈಯಲ್ಲಿ ಮುಟ್ಟಬೇಡಿ, ಸುಡಬೇಡಿ, ಹಳ್ಳಕ್ಕೆ ಎಸೆಯಬೇಡಿ. ಮನೆಯಿಂದ ದೂರ ಬೀಗ ಹಾಕಿಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕಾಫಿ ಸುತ್ತಲಿನ ವಾಸನೆ ಬೇಗ ಹೀರುತ್ತದೆ. ಗೊಬ್ಬರ, ಔಷಧಿ, ಪೆಟ್ರೋಲ್ ಜೊತೆ ಕಾಫಿ ಇಡಲೇಬೇಡಿ.

ಸತ್ತ ಇಲಿ: ಕೈಗವಸು ಹಾಕಿ ತೆಗೆದು ಆಳವಾಗಿ ಹೂಳಿ. ಇಲಿ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಆ ಜಾಗವನ್ನು ಬ್ಲೀಚಿಂಗ್ ನೀರಿನಲ್ಲಿ ಒರೆಸಿ. ಬ್ಲೀಚಿಂಗ್ ಜೊತೆ ಆಸಿಡ್ ಬೆರೆಸಿದರೆ ವಿಷಾನಿಲ ಬರುತ್ತದೆ, ಹುಷಾರು.

ಬಚ್ಚಲ ಮೋರಿ ವಾಸನೆ: ಬಳಸದ ಬಚ್ಚಲಲ್ಲಿ ಪೈಪಿನ ಬೆಂಡಿನೊಳಗಿನ ನೀರು ಆರಿಹೋಗಿರುತ್ತದೆ. ಒಂದು ಬಕೆಟ್ ನೀರು ಹುಯ್ದು ನೋಡಿ.

ಈ ವಾರದ ಕೆಲಸ

1906, 112, 108 ಈ ಮೂರು ನಂಬರ್ ಮನೆಯ ಎಲ್ಲರ ಫೋನಲ್ಲೂ ಸೇವ್ ಮಾಡಿ. ಗ್ಯಾಸ್ ಪೈಪಿನ ಮೇಲೆ ಮುದ್ರಿಸಿದ ಅವಧಿ ಮುಗಿದಿದೆಯಾ ನೋಡಿ. ಸೋರಿಕೆ ಪರೀಕ್ಷೆಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ಬೆಂಕಿಕಡ್ಡಿ ಹಿಡಿದು ನೋಡೋದು ಬೇಡ. ನೀವು ತೋಟದಲ್ಲಿರುವಾಗ ಮನೆಯಲ್ಲಿರೋದು ಅಜ್ಜಿ, ಅಮ್ಮ, ಮಕ್ಕಳು. ನಾಲ್ಕು ವಾಸನೆಗಳ ಭಾಗವನ್ನು ಇವತ್ತೇ ಅವರಿಗೆ ಓದಿ ಹೇಳಿ.