ಹಳೆಯ ಲಾರಿಯ ಎಣ್ಣೆ ಸೋರಿಕೆ: ಮೂಲವನ್ನು ಕಂಡುಹಿಡಿಯುವ ಬಗೆ

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯು ಬೀದರ ಜಿಲ್ಲೆಯಲ್ಲಿ ಹುಮನಾಬಾದನ್ನು ಮುಟ್ಟಿ, ಬಸವಕಲ್ಯಾಣದ ಸಮೀಪದಲ್ಲಿ ಹಾದುಹೋಗುತ್ತದೆ. ಈ ದಾರಿಯ ಬದಿಯಲ್ಲಿ ಲಾರಿಗಳು ತಂಗುವ ಬಯಲುಗಳಲ್ಲಿ ನೆಲದ ಮೇಲೆ ಕರಿಯ ಕಲೆಗಳು ಕಾಣುವುವು. ನಿರ್ಣಾದಂತಹ ಹಳ್ಳಿಯಲ್ಲಿ ಒಂದೇ ಹಳೆಯ ಲಾರಿಯನ್ನು ನಂಬಿ ಬಾಳುವವನಿಗೆ ಆ ಕಲೆಯು ಅಲಕ್ಷಿಸತಕ್ಕ ಸಂಗತಿಯಲ್ಲ. 30 ತೊಟ್ಟಿಗೆ ಒಂದು ಮಿಲಿಲೀಟರ್ ಎಂದು ಎಣಿಸೋಣ. ಸೆಕೆಂಡಿಗೆ ಒಂದು ತೊಟ್ಟು ಬಿದ್ದರೆ ಗಂಟೆಗೆ 120 ಮಿಲಿಲೀಟರ್, ಹತ್ತು ಗಂಟೆಯ ಪಯಣದಲ್ಲಿ 1.2 ಲೀಟರ್ ಎಣ್ಣೆ ನಷ್ಟವಾಗುವುದು. ಎಣ್ಣೆಯ ಮಟ್ಟ ಮಿತಿಮೀರಿ ಇಳಿದರೆ ಬೇರಿಂಗುಗಳಿಗೆ ಎಣ್ಣೆ ತಲುಪದೆ ಎಂಜಿನ್ನೇ ಬಿಗಿದು ನಿಲ್ಲಬಹುದು.

ಎಣ್ಣೆ ಸೋರುವುದೇಕೆ?

1954ರಲ್ಲಿ ಟೆಲ್ಕೊ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ ಲಾರಿಗಳನ್ನು ತಯಾರಿಸತೊಡಗಿತು. ಮುಂದೆ ಬಂದ ಟಾಟಾ 697 ಎಂಬ ಆರು ಸಿಲಿಂಡರುಗಳ ಎಂಜಿನ್ ದಶಕಗಳ ಕಾಲ ನಮ್ಮ ರಸ್ತೆಗಳಲ್ಲಿ ದುಡಿದಿದೆ. ಇಂತಹ ಎಂಜಿನ್ ಒಂದೇ ಲೋಹದ ಗಟ್ಟಿಯಲ್ಲ. ಹಲವು ಭಾಗಗಳನ್ನು ಬೋಲ್ಟುಗಳಿಂದ ಬಿಗಿದು ಕೂಡಿಸಿದ್ದು. ಕೂಡುವೆಡೆಗಳಲ್ಲಿ ಬೆಂಡು, ಕಾಗದ ಅಥವಾ ರಬ್ಬರಿನ ಪ್ಯಾಕಿಂಗ್ ಇರುತ್ತದೆ. ತಿರುಗುವ ದಂಡವು ಹೊರಬರುವ ಕಡೆ ಆಯಿಲ್ ಸೀಲ್ ಇರುತ್ತದೆ. ಅದರ ರಬ್ಬರಿನ ಅಂಚು ದಂಡವನ್ನು ಮೆಲ್ಲಗೆ ಒತ್ತಿ ಎಣ್ಣೆಯನ್ನು ತಡೆಯುತ್ತದೆ. ವರ್ಷಗಳ ಕಾವಿನಿಂದ ರಬ್ಬರು ಗಡುಸಾಗುವುದು, ಬೆಂಡು ಕುಗ್ಗುವುದು.

ಇದಲ್ಲದೆ ಇನ್ನೊಂದು ಕಾರಣವುಂಟು. ಪಿಸ್ಟನ್ನಿನ ರಿಂಗುಗಳು ಸವೆದಾಗ ಉರಿದ ಅನಿಲವು ಅವುಗಳ ಬದಿಯಿಂದ ನುಸುಳಿ ಕೆಳಗಿನ ಕೋಶವನ್ನು ಸೇರುತ್ತದೆ. ಅದು ಹೊರಹೋಗಲು ಬ್ರೀದರ್ ಎಂಬ ಕೊಳವೆಯಿದೆ. ಧೂಳು, ಜಿಡ್ಡುಗಳಿಂದ ಅದು ಮುಚ್ಚಿಹೋದರೆ ಒಳಗಿನ ಒತ್ತಡವೇರಿ, ಎಣ್ಣೆಯು ಸಿಕ್ಕ ಸಂದಿನಿಂದೆಲ್ಲ ಹೊರಬೀಳುವುದು. ಆಗ ಸೀಲುಗಳನ್ನು ಎಷ್ಟು ಸಲ ಬದಲಾಯಿಸಿದರೂ ಫಲವಿಲ್ಲ.

ಮೂಲವನ್ನು ಹುಡುಕುವ ಕ್ರಮ

ಎಣ್ಣೆ ಕೆಳಕ್ಕಿಳಿಯುತ್ತದೆ, ಲಾರಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದಕಾರಣ ತೊಟ್ಟು ಬೀಳುವ ಜಾಗವು ಸೋರುವ ಜಾಗವೇ ಆಗಿರಬೇಕಾಗಿಲ್ಲ. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೂ ಮುಂದಿನದನ್ನೂ ನಾವು ಹುಡುಕಬೇಕು.

ಮೊದಲು ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆಯನ್ನಿಟ್ಟು, ಗೇಜ್ ಕಡ್ಡಿಯಿಂದ ಎಣ್ಣೆಯ ಮಟ್ಟವನ್ನು ನೋಡಬೇಕು. ಹೆಚ್ಚು ತುಂಬಿದ್ದರೂ ಎಣ್ಣೆ ಹೊರಬೀಳುವುದುಂಟು. ಹಾಕದೆಯೇ ಮಟ್ಟವೇರಿದ್ದರೆ ಡೀಸೆಲ್ ಅಥವಾ ನೀರು ಬೆರೆತಿದೆಯೆಂದು ಶಂಕಿಸಬೇಕು. ಅಂತಹ ಎಂಜಿನ್ನನ್ನು ಓಡಿಸಬಾರದು.

ಎರಡನೆಯದಾಗಿ, ಎಂಜಿನ್ ತಣ್ಣಗಿರುವಾಗ ಡೀಸೆಲ್ ಅದ್ದಿದ ಕುಂಚದಿಂದ ಜಿಡ್ಡನ್ನು ತೊಳೆದು, ಬಟ್ಟೆಯಿಂದ ಪೂರ್ಣವಾಗಿ ಒರೆಸಬೇಕು. ಪೆಟ್ರೋಲನ್ನು ಬಳಸಕೂಡದು. ಶಂಕೆಯಿರುವ ಕೂಡುಗಳ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ, ಎಂಜಿನ್ನನ್ನು ಕಾಲು ಗಂಟೆ ಓಡಿಸಿದರೆ, ಮೊದಲು ಕಪ್ಪಾಗುವ ಗೆರೆಯೇ ಸೋರಿಕೆಯ ಮೂಲವನ್ನು ತೋರಿಸುವುದು. ಆಗಲೂ ಕಾಣದಿದ್ದರೆ ಕೆಲವು ಕಿಲೋಮೀಟರ್ ಹೋಗಿಬಂದು ನೋಡಬೇಕು.

ಮೂರನೆಯದಾಗಿ, ಬಿಸಿಯಾದ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ಎಚ್ಚರದಿಂದ ಸಡಿಲಿಸಿ ನೋಡಬೇಕು. ಹೊಗೆಯು ಬುಸುಗುಟ್ಟಿ ಹೊರಬಂದರೆ ಬ್ರೀದರನ್ನು ಬಿಚ್ಚಿ ತೊಳೆಯಬೇಕು. ತೊಳೆದ ಮೇಲೂ ಹಾಗೆಯೇ ಇದ್ದರೆ ದೋಷವು ರಿಂಗುಗಳಲ್ಲಿ ಇರುವ ಸಂಭವವೇ ಹೆಚ್ಚು.

ಹೆಚ್ಚು ಖರ್ಚಿನ ತಪ್ಪು ನಡೆಯುವುದು ಎಂಜಿನ್ನಿನ ಹಿಂಬದಿಯಲ್ಲಿ. ಕ್ಲಚ್ ಇರುವ ಗೂಡಿನ ಕೆಳಗೆ ಎಣ್ಣೆ ತೊಟ್ಟಿಕ್ಕಿದೊಡನೆ ಹಿಂದಿನ ಸೀಲ್ ಹೋಯಿತೆಂದು ಗೇರ್ ಬಾಕ್ಸನ್ನು ಇಳಿಸುವುದುಂಟು. ಆದರೆ ಮೇಲಿನ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಇಳಿದ ಎಣ್ಣೆಯೂ ಅಲ್ಲಿಗೇ ಬರುತ್ತದೆ. ತೊಟ್ಟನ್ನು ಬೆರಳಿಗೆ ತಾಕಿಸಿ ನೋಡುವುದೂ ಉಪಯುಕ್ತ. ಡೀಸೆಲ್ ಎಂಜಿನ್ನಿನಲ್ಲಿ ಓಡಿದ ಎಣ್ಣೆ ಕಪ್ಪಾಗಿರುವುದು. ಗೇರ್ ಎಣ್ಣೆ ಮಂದವಾಗಿದ್ದು ಗಂಧಕದಂತೆ ಘಾಟು ನಾರುವುದು. ಎರಡನೆಯದಾದರೆ ದೋಷ ಗೇರ್ ಬಾಕ್ಸಿನ ಸೀಲಿನದು.

ದುರಸ್ತಿ

ಟ್ಯಾಪೆಟ್ ಕವರಿನ ಪ್ಯಾಕಿಂಗನ್ನು ಬದಲಾಯಿಸುವುದು ಸುಲಭ. ಹಳೆಯ ಚೂರುಗಳನ್ನು ಕೆರೆದು ತೆಗೆದು, ಎರಡೂ ಮುಖಗಳನ್ನು ಒಣಗಿಸಿ ಹೊಸದನ್ನು ಕೂಡಿಸಬೇಕು. ಮಿಸ್ತ್ರಿಗಳು ಚೇಂಬರ್ ಎಂದು ಕರೆಯುವ ಕೆಳಗಿನ ಎಣ್ಣೆತೊಟ್ಟಿ ತಗಡಿನದಾಗಿದ್ದರೆ, ಅತಿಯಾಗಿ ಬಿಗಿದ ಬೋಲ್ಟುಗಳಿಂದ ಅದರ ಅಂಚು ಡೊಂಕಾಗಿರುವುದು. ಅದನ್ನು ಮರದ ದಿಮ್ಮಿಯ ಮೇಲಿಟ್ಟು ತಟ್ಟಿ ಸಮಮಾಡದೆ ಹೊಸ ಪ್ಯಾಕಿಂಗ್ ಹಾಕುವುದು ವ್ಯರ್ಥ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಅಂಟನ್ನು ಧಾರಾಳವಾಗಿ ಬಳಿದರೆ ಒಳಕ್ಕೆ ಉಬ್ಬಿದ ಅಂಟು ಕಳಚಿ ಬಿದ್ದು ಎಣ್ಣೆಪಂಪಿನ ಜಾಲರಿಯನ್ನು ಮುಚ್ಚಬಹುದು. ಸಣ್ಣ ಸೋರಿಕೆಯನ್ನು ತಡೆಯಹೋಗಿ ಎಂಜಿನ್ನನ್ನೇ ಕಳೆದುಕೊಂಡಂತಾಗುವುದು.

ಸೀಲನ್ನು ಬದಲಾಯಿಸುವಾಗ ದಂಡದ ಮೇಲೆ ಉಗುರಾಡಿಸಿ ನೋಡಬೇಕು. ಹಳೆಯ ಸೀಲು ಗೆರೆ ಕೊರೆದಿದ್ದರೆ ಹೊಸದೂ ಅಲ್ಲಿ ಸೋರುವುದು. ದಂಡಕ್ಕೆ ತೆಳುವಾದ ತೋಳನ್ನು ತೊಡಿಸಬೇಕು, ಅಥವಾ ಗೂಡು ಅವಕಾಶ ಕೊಟ್ಟರೆ ಸೀಲನ್ನು ತುಸು ಸರಿಸಿ ಕೂಡಿಸಬೇಕು. ಅಂಚಿಗೆ ಎಣ್ಣೆ ಸವರದೆ ಸೀಲನ್ನು ತೊಡಿಸಬಾರದು. ಡ್ರೈನ್ ನಟ್ಟಿನಲ್ಲಿ ಸೋರಿದರೆ ಅದರ ತಾಮ್ರದ ವಾಷರನ್ನು ಬದಲಾಯಿಸಿದರೆ ಸಾಕಾಗಬಹುದು.

ಕೇವಲ ಜ್ಯಾಕಿನ ಮೇಲೆ ನಿಂತ ಲಾರಿಯ ಕೆಳಗೆ ಎಂದಿಗೂ ನುಸುಳಬಾರದು. ಕಾದ ಹೊಗೆಕೊಳವೆಯ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಬೆಂಕಿ ಹೊತ್ತಬಹುದಾದ್ದರಿಂದ ಅದನ್ನು ಸರಿಪಡಿಸದೆ ಹೊರಡಬಾರದು.

ಬಿಚ್ಚಿ ತೆಗೆದ ಕರಿಯ ಎಣ್ಣೆಯನ್ನು ಹೊಲದ ಬದುವಿಗೋ ಚರಂಡಿಗೋ ಚೆಲ್ಲುವ ರೂಢಿಯುಂಟು. ಅದರಲ್ಲಿ ಸವೆದ ಲೋಹದ ಕಣಗಳೂ ಹಾನಿಕರ ಸಂಯುಕ್ತಗಳೂ ಇರುತ್ತವೆ. ತೊಗರಿ ಬೆಳೆಯುವ ಎರೆಮಣ್ಣಿಗೂ ಬಾವಿಯ ನೀರಿಗೂ ಅದು ಕೇಡು. ಅದನ್ನು ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಶುದ್ಧೀಕರಣಕ್ಕೆ ಒಯ್ಯುವ ಪರವಾನಗಿ ಪಡೆದವರಿಗೆ ಕೊಡುವುದು ಉಚಿತ.